ಧಕ್ಕೆಗೆ ಬಂದ ಧಕ್ಕೆ

ಕನ್ನಡದಲ್ಲಿ ಒಂದು ಚಂದದ ಗೊಂದಲ ಇದೆ. ಕರಾವಳಿಯವರನ್ನು ಕೇಳಿದರೆ ಧಕ್ಕೆ ಅಂದರೆ ದೋಣಿ, ಹಡಗು ಬಂದು ನಿಲ್ಲುವ ಕಟ್ಟೆ. ಘಟ್ಟದ ಮೇಲಿನವರಿಗೆ ಧಕ್ಕೆ ಅಂದರೆ ಪೆಟ್ಟು, ಹಾನಿ. ಇವತ್ತು ನಾನು ಮಾತಾಡಬೇಕಾಗಿರುವುದು ಮೊದಲನೇ ಧಕ್ಕೆಗೆ ಬಂದ ಎರಡನೇ ಧಕ್ಕೆಯ ಬಗ್ಗೆ. ಹಳೇ ಡಾಕ್‌ಗಳಲ್ಲಿ ಅಪಾರ್ಟ್‌ಮೆಂಟ್ ಎದ್ದ ಕಥೆ ಇದು.

ಕಥೆಯನ್ನು ಸ್ವಲ್ಪ ತಲೆಕೆಳಗಾಗಿ ಶುರು ಮಾಡುತ್ತೇನೆ. ಲಂಡನ್ನಿನಲ್ಲಿ ಟವರ್ ಬ್ರಿಡ್ಜ್ ಪಕ್ಕದಲ್ಲೇ ಸೇಂಟ್ ಕ್ಯಾಥರೀನ್ ಡಾಕ್ಸ್ ಅಂತ ಇದೆ. ಇವತ್ತು ಅಲ್ಲಿ ದುಬಾರಿ ಫ್ಲಾಟುಗಳು, ಬಿಳಿ ಬಿಳಿ ವಿಹಾರ ನೌಕೆಗಳು, ಕಾಫಿ ಅಂಗಡಿಗಳು. ಮೊದಲು ಅಲ್ಲಿ ಡಾಕ್ ಇತ್ತು, ಆಮೇಲೆ ಮನೆಗಳು ಬಂದವು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಡಾಕ್‌ಗಿಂತಲೂ ಮೊದಲು ಅಲ್ಲಿ ಇದ್ದದ್ದೂ ಮನೆಗಳೇ. 1820ರ ದಶಕದಲ್ಲಿ ಡಾಕ್ ಕಟ್ಟುವುದಕ್ಕೆ ಸುಮಾರು 1,250 ಮನೆ ಕೆಡವಿದರು. 11,300 ಜನ ಬೀದಿಗೆ ಬಿದ್ದರು. ಪರಿಹಾರ ಸಿಕ್ಕಿದ್ದು ಆಸ್ತಿಯ ಮಾಲೀಕರಿಗೆ. ಬಾಡಿಗೆಗೆ ಇದ್ದ ಬಡವರ ಕೈಗೆ ಏನೂ ಬರಲಿಲ್ಲ. 1828ರಲ್ಲಿ ಡಾಕ್ ತೆರೆಯಿತು, 1968ರಲ್ಲಿ ಮುಚ್ಚಿತು. ಮನೆ ಕೆಡವಿ ಡಾಕ್, ಡಾಕ್ ಕೆಡವಿ ಮನೆ. ಮೊದಲು ಹೋದ ಮನೆಗಳು ಯಾರವು, ಆಮೇಲೆ ಬಂದ ಮನೆಗಳು ಯಾರವು ಅನ್ನುವುದು ಬೇರೆ ವಿಷಯ.

ಇದನ್ನು ಮೊದಲೇ ಯಾಕೆ ಹೇಳಿದೆ ಅಂದರೆ, ಹಳೇದೆಲ್ಲ ಚಿನ್ನ ಅನ್ನುವ ಹಾಡು ಹಾಡಲು ನಾನು ಬಂದಿಲ್ಲ. ಡಾಕ್‌ಗಳೇನು ದೇವಸ್ಥಾನಗಳಲ್ಲ. 1802ರಲ್ಲಿ ತೆರೆದ ವೆಸ್ಟ್ ಇಂಡಿಯಾ ಡಾಕ್ಸ್‌ಗೆ ಬರುತ್ತಿದ್ದ ಸಕ್ಕರೆ, ರಮ್ ಎಲ್ಲವೂ ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರ ಬೆವರಿನಿಂದ ಬಂದದ್ದು. ಆ ಡಾಕ್ ಕಟ್ಟಿಸಿದವರಲ್ಲಿ ಮುಂದಾಳು, ಗುಲಾಮರನ್ನು ಇಟ್ಟುಕೊಂಡಿದ್ದ ವ್ಯಾಪಾರಿ ರಾಬರ್ಟ್ ಮಿಲ್ಲಿಗನ್. ಅವನ ಪ್ರತಿಮೆ ಅಲ್ಲಿನ ಹಳೇ ಗೋದಾಮಿನ ಮುಂದೆಯೇ ಇತ್ತು. 2020ರ ಜೂನ್‌ನಲ್ಲಿ ತೆಗೆದರು. ಆ ಗೋದಾಮು ಈಗ ವಸ್ತುಸಂಗ್ರಹಾಲಯ. ಹಾಗಾಗಿ ಪರಂಪರೆ ಅಂದ ಕೂಡಲೇ ಕೈ ಮುಗಿಯಬೇಕಾಗಿಲ್ಲ. ನೆನಪಿಟ್ಟುಕೊಂಡರೆ ಸಾಕು. ಆದರೆ ನೆನಪಿಟ್ಟುಕೊಳ್ಳುವುದಕ್ಕೂ ಕಣ್ಣೆದುರು ಏನಾದರೂ ಉಳಿದಿರಬೇಕಲ್ಲ.

ಈಗ ಡಾಕ್ ಅಂದರೆ ಏನು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ತುಂಬಾ ಜನ ಡಾಕ್ ಅಂದರೆ ಇಟ್ಟಿಗೆಯ ಗೋದಾಮು, ಕ್ರೇನು ಅಂದುಕೊಂಡಿದ್ದಾರೆ. ಅವೆರಡೂ ಅಲಂಕಾರ. ಡಾಕ್‌ನ ಜೀವ ಇರುವುದು ಬಾಗಿಲಿನಲ್ಲಿ.

ಥೇಮ್ಸ್ ನದಿಗೆ ಲಂಡನ್ ಊರಿನೊಳಗೂ ಸಮುದ್ರದ ಭರತ ಇಳಿತ ತಟ್ಟುತ್ತದೆ. ದೊಡ್ಡ ಭರತದ ದಿನ ನೀರು 7 ಮೀಟರ್‌ವರೆಗೂ ಏರಿ ಇಳಿಯುತ್ತದೆ. ಅಂದರೆ ಎರಡು ಮಹಡಿ ಮನೆಯಷ್ಟು. ಬೆಳಿಗ್ಗೆ ದಂಡೆಗೆ ಸಮನಾಗಿ ನಿಂತಿದ್ದ ಹಡಗು ಮಧ್ಯಾಹ್ನದ ಹೊತ್ತಿಗೆ ಕೆಳಗೆ ಕೆಸರಿನಲ್ಲಿ ವಾಲಿಕೊಂಡಿರುತ್ತದೆ. ಅದರಿಂದ ಮೂಟೆ ಇಳಿಸುವುದು ಹೇಗೆ? ಅದಕ್ಕೇ ದಂಡೆಯ ಒಳಗೆ ದೊಡ್ಡ ಕೊಳ ತೋಡಿದರು. ನದಿಗೂ ಕೊಳಕ್ಕೂ ನಡುವೆ ಲಾಕ್ ಗೇಟ್ ಇಟ್ಟರು. ಭರತದಲ್ಲಿ ಹಡಗನ್ನು ಒಳಗೆ ಬಿಟ್ಟುಕೊಂಡು ಗೇಟ್ ಮುಚ್ಚಿದರೆ ಮುಗಿಯಿತು. ಹೊರಗೆ ನದಿ ಎಷ್ಟು ಬೇಕಾದರೂ ಇಳಿಯಲಿ, ಒಳಗೆ ನೀರು ಹಾಗೇ ನಿಂತಿರುತ್ತದೆ.

ಆ ಗೇಟಿನ ಎರಡು ಕದಗಳು ನೇರವಾಗಿ ಮುಚ್ಚಿಕೊಳ್ಳುವುದಿಲ್ಲ. ನಮಸ್ಕಾರ ಮಾಡುವಾಗ ಎರಡೂ ಕೈಯ ಬೆರಳ ತುದಿ ಮಾತ್ರ ತಾಗಿಸಿ ಹಿಡಿಯಿರಿ ನೋಡೋಣ, ಹಾಗೆ. ಮೊನೆ ಒಳಗಿನ ನೀರಿನ ಕಡೆಗೆ. ನೀರು ತಳ್ಳಿದಷ್ಟೂ ಕದಗಳು ಒಂದಕ್ಕೊಂದು ಬಿಗಿಯಾಗುತ್ತವೆ. ಬೀಗ ಬೇಕಿಲ್ಲ, ಚಿಲಕ ಬೇಕಿಲ್ಲ. ನೀರಿನ ಭಾರವೇ ಬೀಗ. ಎಷ್ಟು ಸರಳ, ಎಷ್ಟು ಜಾಣತನ! ನನಗೆ ಆ ಕಾಲದ ಯಾವ ಅರಮನೆಗಿಂತಲೂ ಇದೇ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಸಣ್ಣ ವಸ್ತು. ಹಳೇ ಡಾಕ್ ಹಾಗೇ ಉಳಿದಿರುವ ಕಡೆ ಹೋದರೆ ದಂಡೆಯ ಅಂಚಿನ ಕಲ್ಲನ್ನು ಒಮ್ಮೆ ಬೆರಳಿಂದ ಮುಟ್ಟಿ ನೋಡಿ. ಗಟ್ಟಿ ಗ್ರಾನೈಟ್. ಅದರ ಮೇಲೂ ಅಲ್ಲಲ್ಲಿ ನುಣುಪಾದ ಗೀರು ಬಿದ್ದಿರುತ್ತದೆ. ಯಾರೂ ಕೆತ್ತಿದ್ದಲ್ಲ. ತಲೆಮಾರುಗಟ್ಟಲೆ ಹಡಗಿನ ಹಗ್ಗ ಉಜ್ಜಿ ಉಜ್ಜಿ ಆದದ್ದು. ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಮಾಡಿದ ಗೆರೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನವೀಕರಣ ಅಂತ ಬಂದಾಗ ಮೊದಲು ಕಿತ್ತು ಹಾಕುವುದು ಈ ಕಲ್ಲುಗಳನ್ನೇ. ಕಾಲು ಎಡವುತ್ತದೆ, ಮಕ್ಕಳು ಬೀಳುತ್ತಾರೆ ಅಂತ. ಆಮೇಲೆ ಅದೇ ಜಾಗದಲ್ಲಿ ಸ್ಟೀಲ್ ಕಂಬಿ.

ಸರಿ, ಇಷ್ಟು ಚೆನ್ನಾಗಿದ್ದ ಡಾಕ್‌ಗಳು ಸತ್ತದ್ದು ಯಾಕೆ? ಒಂದು ಪೆಟ್ಟಿಗೆಯಿಂದ. 1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂಅರ್ಕ್‌ನಿಂದ ಹ್ಯೂಸ್ಟನ್‌ಗೆ ಐಡಿಯಲ್ ಎಕ್ಸ್ ಅನ್ನುವ ಹಡಗು ಹೊರಟಿತು. ಅದರ ಮೇಲೆ 58 ಲೋಹದ ಪೆಟ್ಟಿಗೆಗಳು. ಕಳಿಸಿದವನು ಮಾಲ್ಕಮ್ ಮೆಕ್‌ಲೀನ್. ಹಡಗಿನ ವ್ಯಾಪಾರದವನಲ್ಲ, ಲಾರಿ ಓಡಿಸಿ ಮೇಲೆ ಬಂದವನು. ಅಲ್ಲಿಯವರೆಗೆ ಮೂಟೆ, ಪೀಪಾಯಿ, ಪೆಟ್ಟಿಗೆ ಎಲ್ಲವನ್ನೂ ಬಿಡಿಬಿಡಿಯಾಗಿ ಇಳಿಸಬೇಕಿತ್ತು. ಒಂದು ಹಡಗು ಖಾಲಿಯಾಗಿ ಮತ್ತೆ ತುಂಬುವುದಕ್ಕೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕಾಗುತ್ತಿತ್ತು. ಕಂಟೇನರ್ ಬಂದ ಮೇಲೆ ಅದು ಗಂಟೆಗಳ ಲೆಕ್ಕಕ್ಕೆ ಇಳಿಯಿತು.

ಕಂಟೇನರ್‌ಗೆ ಗೋದಾಮು ಬೇಡ, ಬಯಲು ಬೇಕು. ಕಂಟೇನರ್ ಹಡಗು ಹಳೇ ಲಾಕ್ ಗೇಟಿನಲ್ಲಿ ತೂರುವುದಿಲ್ಲ. ಕೆಲಸ ನದಿ ಸಮುದ್ರ ಸೇರುವ ಕಡೆಗಿರುವ ಟಿಲ್‌ಬರಿ ಬಂದರಿಗೆ ಹೋಯಿತು. ಈಸ್ಟ್ ಇಂಡಿಯಾ ಡಾಕ್ಸ್ 1967ರಲ್ಲಿ ಮುಚ್ಚಿತು. ವೆಸ್ಟ್ ಇಂಡಿಯಾ 1980ರಲ್ಲಿ, ರಾಯಲ್ ಡಾಕ್ಸ್ 1981ರಲ್ಲಿ. ಹದಿನೈದೇ ವರ್ಷದಲ್ಲಿ ಲಂಡನ್ನಿನ ಎಲ್ಲ ದೊಡ್ಡ ಡಾಕ್‌ಗಳಿಗೂ ಬೀಗ.

ಅಲ್ಲಿ ದುಡಿಯುತ್ತಿದ್ದವರ ಕಥೆ ಇನ್ನೂ ವಿಚಿತ್ರ. ನೂರಾರು ವರ್ಷ ಅವರದ್ದು ದಿನಗೂಲಿ. ಬೆಳಿಗ್ಗೆ ಗೇಟಿನ ಮುಂದೆ ಗುಂಪುಗೂಡಬೇಕು, ಮೇಸ್ತ್ರಿ ಬಂದು ನೀನು ಬಾ, ನೀನು ಬಾ ಅಂತ ಬೆರಳು ತೋರಿಸಬೇಕು. ಉಳಿದವರು ಬರಿಗೈಲಿ ಮನೆಗೆ. 1889ರಲ್ಲಿ ಗಂಟೆಗೆ 6 ಪೆನ್ಸ್ ಕೂಲಿ ಕೊಡಿ ಅಂತ ದೊಡ್ಡ ಮುಷ್ಕರ ಮಾಡಿ ಗೆದ್ದರು. ಬೆನ್ ಟಿಲೆಟ್ ಅದರ ಮುಂದಾಳುಗಳಲ್ಲಿ ಒಬ್ಬ. ಕೂಲಿ ಹೆಚ್ಚಿತು, ಆದರೆ ಬೆರಳು ತೋರಿಸುವ ಪದ್ಧತಿ ಮಾತ್ರ ಹೋಗಲಿಲ್ಲ. ಅದು ಪೂರ್ತಿ ಹೋಗಿ ಕೆಲಸ ಖಾಯಂ ಆದದ್ದು 1967ರಲ್ಲಿ. ಖಾಯಂ ಆದ ಹೊತ್ತಿಗೆ ಕೆಲಸವೇ ಹೊರಟು ನಿಂತಿತ್ತು.

ಇಲ್ಲಿ ಒಂದು ಅಡ್ಡ ಮಾತು. ಸರ್ರೇ ಡಾಕ್ಸ್ ಅಂತ ಇತ್ತು, ನದಿಯ ದಕ್ಷಿಣ ದಂಡೆಯಲ್ಲಿ. ಮರದ ವ್ಯಾಪಾರದ ಜಾಗ. ಬಾಲ್ಟಿಕ್ ಕಡೆಯಿಂದ ಹಲಗೆ ಬರುತ್ತಿತ್ತು. ಆ ಹಲಗೆ ಹೊರುವವರಿಗೆ ಡೀಲ್ ಪೋರ್ಟರ್ ಅಂತ ಹೆಸರು. ತಲೆಗೆ ಚರ್ಮದ ಟೋಪಿ. ಆ ಟೋಪಿಗೆ ಹಿಂದೆ ಜೋತುಬಿದ್ದ ಚರ್ಮದ ಪಟ್ಟಿ. ಅದು ಕತ್ತು, ಭುಜ ಎರಡನ್ನೂ ಮುಚ್ಚುತ್ತಿತ್ತು. ಉದ್ದುದ್ದ ಹಲಗೆಗಳ ಕಟ್ಟನ್ನು ಹೆಗಲ ಮೇಲೆ ಹೊತ್ತು, ಕಿರಿದಾದ ಅಡ್ಡಹಲಗೆಯ ಮೇಲೆ ನಡೆಯಬೇಕು. ಹೊತ್ತ ಹಲಗೆ ಎರಡೂ ತುದಿಯಲ್ಲಿ ಕುಣಿಯುತ್ತದೆ. ಅದರ ಕುಣಿತಕ್ಕೆ ಹೆಜ್ಜೆ ಹೊಂದಿಸಲಿಲ್ಲ ಅಂದರೆ ಕೆಳಗೆ ಬಿದ್ದ ಹಾಗೇ. ಈ ವಿದ್ಯೆಯನ್ನು ಯಾವ ಶಾಲೆಯೂ ಕಲಿಸಲಿಲ್ಲ, ಅಪ್ಪನಿಂದ ಮಗ ಕಲಿತ. ಈಗ ಕೆನಡಾ ವಾಟರ್‌ನಲ್ಲಿ ಅವರದೊಂದು ಶಿಲ್ಪ ನಿಲ್ಲಿಸಿದ್ದಾರೆ. ಅಲ್ಲಿದ್ದ ಕೆನಡಾ ಡಾಕ್‌ನ ಹೆಚ್ಚಿನ ಭಾಗ ತುಂಬಿಸಿ 1988ರಲ್ಲಿ ಶಾಪಿಂಗ್ ಸೆಂಟರ್ ತೆರೆದರು. ಉಳಿದ ತುಂಡು ನೀರು ಈಗ ಕೆರೆ. ನದಿಗೂ ಅದಕ್ಕೂ ಸಂಬಂಧವೇ ಇಲ್ಲ. ಬಾತುಕೋಳಿಗಳಿಗೆ ಒಳ್ಳೆಯದಾಯಿತು ಅನ್ನಿ. ಹಡಗಿನ ಕಾಲದ ನಿಜವಾದ ಗುರುತು ಬೇಕಿದ್ದರೆ ಹತ್ತಿರದ ಬೀದಿಗೆ ಹೋಗಬೇಕು. ನಾರ್ವೆಯವರದ್ದೊಂದು, ಫಿನ್‌ಲೆಂಡಿನವರದ್ದೊಂದು ಚರ್ಚು ಅಲ್ಲಿ ಈಗಲೂ ಇವೆ. ಮರ ತಂದ ನಾವಿಕರಿಗಾಗಿ ಬಂದ ಚರ್ಚುಗಳು. ಮರದ ಹಡಗು ನಿಂತು ಎಷ್ಟೋ ವರ್ಷ ಆಯಿತು, ಪ್ರಾರ್ಥನೆ ಮಾತ್ರ ನಿಂತಿಲ್ಲ.

ಖಾಲಿ ಬಿದ್ದ ಈ ಜಾಗವನ್ನು ಏನು ಮಾಡುವುದು ಅಂತ 1981ರಲ್ಲಿ ಸರ್ಕಾರ ಲಂಡನ್ ಡಾಕ್‌ಲ್ಯಾಂಡ್ಸ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಮಾಡಿತು. ಮಂತ್ರಿ ಮೈಕೆಲ್ ಹೆಸಲ್ಟೈನ್. ಯಾವ ಕಟ್ಟಡಕ್ಕೆ ಅನುಮತಿ ಕೊಡಬೇಕು ಅನ್ನುವ ಅಧಿಕಾರ ಸ್ಥಳೀಯ ಕೌನ್ಸಿಲ್‌ಗಳ ಕೈತಪ್ಪಿ ಇದರ ಕೈಗೆ ಬಂತು. 1998ರಲ್ಲಿ ಅದು ಬಾಗಿಲು ಹಾಕುವ ಹೊತ್ತಿಗೆ ಅಲ್ಲಿ ಸುಮಾರು 24,000 ಹೊಸ ಮನೆ ಎದ್ದಿದ್ದವು. ರೈಲು ಬಂತು, ಕ್ಯಾನರಿ ವಾರ್ಫ್ ಅನ್ನುವ ಕಚೇರಿಗಳ ಗೋಪುರ ಬಂತು. ಇದನ್ನು ಸಾಧನೆ ಅಲ್ಲ ಅನ್ನಲು ನನಗೆ ನಾಲಿಗೆ ಬರುವುದಿಲ್ಲ. ಸತ್ತ ಜಾಗಕ್ಕೆ ಜೀವ ಬಂತು ನಿಜ. ಆದರೆ ಅಲ್ಲಿನ ಹಳೇ ಜನ ಆಗಲೇ ಒಂದು ಪ್ರಶ್ನೆ ಕೇಳಿದ್ದರು, ಈ ಮನೆ ಯಾರಿಗೆ ಅಂತ. 1984ರಲ್ಲಿ ದೋಣಿಗಳಿಗೆ ಬ್ಯಾನರ್ ಕಟ್ಟಿಕೊಂಡು ನದಿಯ ಮೇಲೇ ಪಾರ್ಲಿಮೆಂಟಿಗೆ ಮೆರವಣಿಗೆ ಹೋದರು. ಡಾಕ್‌ನವರ ಪ್ರತಿಭಟನೆ ನೀರಿನ ಮೇಲೇ ನಡೆಯಿತು ನೋಡಿ.

ಆಮೇಲೆ ಶುರುವಾದದ್ದು ಹೆಸರಿನ ವ್ಯಾಪಾರ. ಟವರ್ ಬ್ರಿಡ್ಜ್‌ನ ದಕ್ಷಿಣಕ್ಕೆ ಶಾಡ್ ಥೇಮ್ಸ್ ಅನ್ನುವ ಬೀದಿ ಇದೆ. ಮಸಾಲೆ ಗೋದಾಮುಗಳಿದ್ದ ಬೀದಿ. ಅಲ್ಲಿ ಈಗ ಸಿನಮನ್ ವಾರ್ಫ್, ಕಾರ್ಡಮಮ್ ಬಿಲ್ಡಿಂಗ್, ಕ್ಲೋವ್ ಬಿಲ್ಡಿಂಗ್ ಅಂತ ಕಟ್ಟಡಗಳಿವೆ. ದಾಲ್ಚಿನ್ನಿ, ಏಲಕ್ಕಿ, ಲವಂಗ! ಪಲಾವ್ ಮಾಡುವುದಕ್ಕೆ ಅಕ್ಕಿ ಒಂದು ಕಮ್ಮಿ. ಗೋದಾಮುಗಳನ್ನು ಮನೆ ಮಾಡುವಾಗ ಇಟ್ಟಿಗೆಯಲ್ಲಿ ಇನ್ನೂ ಮಸಾಲೆಯ ವಾಸನೆ ಉಳಿದಿತ್ತು ಅನ್ನುತ್ತಾರೆ. ಆ ವಾಸನೆಯನ್ನು ಕಾಪಾಡಿ ಅಂತ ನಾನೇನೂ ಹೇಳುತ್ತಿಲ್ಲ. ಆದರೆ ಹೆಸರು ಉಳಿಸಿದೆವು, ಕೆಲಸ ಮುಗಿಯಿತು ಅಂದುಕೊಳ್ಳುವುದಿದೆಯಲ್ಲ, ಅದು ನನಗೆ ಸರಿಕಾಣುವುದಿಲ್ಲ. ಕ್ರೇನಿನದ್ದೂ ಇದೇ ಪಾಡು. ಬಣ್ಣ ಬಳಿದು, ಬುಡಕ್ಕೆ ದೀಪ ಹಾಕಿ ನಿಲ್ಲಿಸುತ್ತಾರೆ. ಅದು ತಿರುಗುವುದಿಲ್ಲ, ಎತ್ತುವುದಿಲ್ಲ. ಬ್ರೋಷರ್‌ನಲ್ಲಿ ಚೆನ್ನಾಗಿ ಕಾಣುತ್ತದೆ.

ನನ್ನ ತಕರಾರು ಮನೆಗಳ ಮೇಲೆ ಅಲ್ಲ. ಗೋದಾಮನ್ನು ಮನೆ ಮಾಡಿದರೆ ಗೋದಾಮು ಉಳಿಯುತ್ತದೆ, ನಾಳೆ ಅದನ್ನು ಇನ್ನೇನೋ ಮಾಡಬಹುದು. ತಕರಾರು ಇರುವುದು ಮೂರು ಕೆಲಸದ ಮೇಲೆ. ನೀರಿಗೆ ಮಣ್ಣು ತುಂಬುವುದು, ಲಾಕ್ ಗೇಟನ್ನು ಗೋಡೆ ಕಟ್ಟಿ ಮುಚ್ಚುವುದು, ಡಾಕ್‌ನ ಬಾಯಿಗೆ ಅಡ್ಡವಾಗಿ ಎತ್ತಲು ಬಾರದ ತಗ್ಗು ಸೇತುವೆ ಹಾಕುವುದು. ಇವು ಮೂರೂ ಹಿಂದಕ್ಕೆ ಬಾರದ ಕೆಲಸ. ಮೂರನೆಯದಂತೂ ಯಾರ ಕಣ್ಣಿಗೂ ಬೀಳುವುದಿಲ್ಲ. ನೀರು ಅಲ್ಲೇ ಇದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಆದರೆ ಆ ನೀರಿಗೆ ಇನ್ನೆಂದೂ ಹಡಗು ಬರುವುದಿಲ್ಲ.

ನ್ಯೂಯಾರ್ಕಿನ ಉದಾಹರಣೆ ಕೇಳಿ. ಬ್ರೂಕ್ಲಿನ್‌ನ ರೆಡ್ ಹುಕ್‌ನಲ್ಲಿ 1860ರ ದಶಕದ ಒಂದು ಡ್ರೈ ಡಾಕ್ ಇತ್ತು. 700 ಅಡಿಗಿಂತ ಉದ್ದ. ಡ್ರೈ ಡಾಕ್ ಅಂದರೆ ಹಡಗನ್ನು ಒಳಗೆ ತಂದು, ಗೇಟ್ ಹಾಕಿ, ನೀರನ್ನೆಲ್ಲ ಹೊರಹಾಕಿ ತಳ ರಿಪೇರಿ ಮಾಡುವ ಗುಂಡಿ. ಹಡಗುಗಳ ಗ್ಯಾರೇಜು ಅಂದುಕೊಳ್ಳಿ. ಒಂದು ದೊಡ್ಡ ಪೀಠೋಪಕರಣದ ಮಳಿಗೆಗೆ ಕಾರ್ ಪಾರ್ಕಿಂಗ್ ಬೇಕಿತ್ತು. ಡ್ರೈ ಡಾಕ್‌ಗೆ ಮಣ್ಣು ತುಂಬಿದರು. 2008ರಲ್ಲಿ ಮಳಿಗೆ ತೆರೆಯಿತು. ಅಷ್ಟರಲ್ಲೇ ನಗರಕ್ಕೆ ಗೊತ್ತಾಯಿತು, ಬಂದರಿನ ಹಡಗುಗಳ ರಿಪೇರಿಗೆ ಇರುವ ಡ್ರೈ ಡಾಕ್‌ಗಳು ಸಾಲುತ್ತಿಲ್ಲ ಅಂತ. ಕಾರು ನಿಲ್ಲಿಸಲು ಜಾಗ ಎಲ್ಲಿ ಬೇಕಾದರೂ ಸಿಗುತ್ತದೆ. 700 ಅಡಿ ಕಲ್ಲಿನ ಗುಂಡಿಯನ್ನು ಇನ್ನೊಮ್ಮೆ ಯಾರು ತೋಡುತ್ತಾರೆ?

ಲಿವರ್‌ಪೂಲ್‌ಗೆ ಬರೋಣ. 2004ರಲ್ಲಿ ಆ ಊರಿನ ಡಾಕ್‌ಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಉತ್ತರದ ಡಾಕ್‌ಗಳಲ್ಲಿ ಎತ್ತರದ ಕಟ್ಟಡಗಳ ದೊಡ್ಡ ಯೋಜನೆ ಬಂತು. 2012ರಲ್ಲಿ ಅಪಾಯದ ಪಟ್ಟಿಗೆ ಹೋಯಿತು. 2021ರ ಜುಲೈನಲ್ಲಿ ಪಟ್ಟಿಯಿಂದಲೇ ಹೊರಬಿತ್ತು. ಹಾಗೆ ಹೊರಬಿದ್ದದ್ದು ಪ್ರಪಂಚದಲ್ಲೇ ಮೂರನೆಯದು. ಕೊನೆಗೆ ಮಾತು ಬೆಳೆದದ್ದು ಬ್ರ್ಯಾಮ್ಲಿ ಮೂರ್ ಡಾಕ್ ಬಗ್ಗೆ. ಜೆಸ್ಸಿ ಹಾರ್ಟ್ಲಿ ಅನ್ನುವ ಎಂಜಿನಿಯರ್ ಕಟ್ಟಿದ್ದು, 1848ರಲ್ಲಿ ತೆರೆದದ್ದು. ಐರಿಷ್ ಸಮುದ್ರದ ತಳದಿಂದ ಮರಳು ತಂದು ಅದಕ್ಕೆ ತುಂಬಿದರು. ಮೇಲೆ ಎವರ್ಟನ್ ತಂಡದ ಫುಟ್‌ಬಾಲ್ ಸ್ಟೇಡಿಯಂ ಕಟ್ಟಿದರು. ಹಾರ್ಟ್ಲಿಯ ಗೋಡೆಗಳು ಮರಳಿನ ಅಡಿ ಹಾಗೇ ಇವೆ, ಏನೂ ಹಾಳಾಗಿಲ್ಲ ಅನ್ನುವುದು ಕಟ್ಟಿದವರ ವಾದ. ಇರಬಹುದು. ಅಜ್ಜಿಯ ಒಡವೆ ಮನೆಯ ಅಡಿಪಾಯದಲ್ಲಿ ಭದ್ರವಾಗಿದೆ ಅಂದ ಹಾಗೆ. ಆದರೂ ನ್ಯಾಯವಾಗಿ ಹೇಳಬೇಕು, ಆ ಭಾಗದ ಜನಕ್ಕೆ ಪಟ್ಟಿಗಿಂತ ಸ್ಟೇಡಿಯಂ ಬೇಕಿತ್ತು. ಬಡ ಪ್ರದೇಶ, ಕೆಲಸ ಬೇಕು, ಜನ ಬರಬೇಕು. ದೂರದಲ್ಲಿ ಕೂತು ಅವರಿಗೆ ಬುದ್ಧಿ ಹೇಳುವುದು ಸುಲಭ.

ಜರ್ಮನಿಯ ಹ್ಯಾಂಬರ್ಗ್‌ನವರು ಬೇರೆ ದಾರಿ ಹಿಡಿದರು. ಹಾಫೆನ್‌ಸಿಟಿ ಅಂತ ಹಳೇ ಬಂದರಿನಲ್ಲಿ ಹೊಸ ಪಟ್ಟಣವನ್ನೇ ಕಟ್ಟುತ್ತಿದ್ದಾರೆ. ಆದರೆ ಹಳೇ ನೀರಿನ ಕೊಳಗಳಿಗೆ ಮಣ್ಣು ತುಂಬಲಿಲ್ಲ. ನದಿ ಏರಿದರೆ ಏರಲಿ ಅಂತ ಕಟ್ಟಡಗಳನ್ನೇ ಎತ್ತರದ ದಿಬ್ಬದ ಮೇಲೆ ನಿಲ್ಲಿಸಿದರು. ಸಾಂಡ್‌ಟೋರ್‌ಹಾಫೆನ್ ಅನ್ನುವ ಕೊಳದಲ್ಲಿ ಹಳೇ ಕಾಲದ ಹಡಗುಗಳಿಗೆ ಜಾಗ ಕೊಟ್ಟಿದ್ದಾರೆ. ಅವು ತೇಲುತ್ತವೆ, ಹೊರಗೆ ಹೋಗಿ ಬರುತ್ತವೆ. ಪಕ್ಕದ ಗೋದಾಮು ಸಾಲು, ಸ್ಪೈಶರ್‌ಸ್ಟಾಟ್, 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದನ್ನು ಕಟ್ಟುವಾಗಲೂ 1880ರ ದಶಕದಲ್ಲಿ ಸುಮಾರು 20,000 ಜನರನ್ನು ಎಬ್ಬಿಸಿದ್ದರು ಅನ್ನುವುದನ್ನು ಮರೆಯಬೇಡಿ.

ನನಗೆ ಇವೆಲ್ಲಕ್ಕಿಂತ ಇಷ್ಟ ಇಂಗ್ಲೆಂಡಿನ ಬ್ರಿಸ್ಟಲ್. ಅಲ್ಲಿ ಭರತ ಇಳಿತದ ಅಂತರ ಲಂಡನ್ನಿನದಕ್ಕಿಂತಲೂ ಜಾಸ್ತಿ, 12 ಮೀಟರ್ ಮೀರುತ್ತದೆ. ಅದಕ್ಕೆ 1809ರಲ್ಲಿ ನದಿಯನ್ನೇ ತಡೆದು ಊರ ನಡುವೆ ನೀರು ನಿಲ್ಲಿಸಿದರು. 1960ರ ದಶಕದ ಕೊನೆಗೆ ಈ ನೀರಿನ ಉಪಯೋಗ ಮುಗಿಯಿತು, ಒಂದಷ್ಟು ಮುಚ್ಚಿ ದೊಡ್ಡ ರಸ್ತೆಗಳನ್ನು ಮಾಡೋಣ ಅನ್ನುವ ಯೋಜನೆ ಬಂತು. ಊರವರು ತಿರುಗಿ ಬಿದ್ದರು. ಆ ಜಗಳದ ನಡುವೆಯೇ ಒಂದು ಹಡಗು ಮನೆಗೆ ಬಂತು.

ಎಸ್‌ಎಸ್ ಗ್ರೇಟ್ ಬ್ರಿಟನ್. ಎಂಜಿನಿಯರ್ ಇಸಂಬಾರ್ಡ್ ಬ್ರುನೆಲ್ ಬ್ರಿಸ್ಟಲ್‌ನಲ್ಲೇ ಕಟ್ಟಿ 1843ರಲ್ಲಿ ನೀರಿಗಿಳಿಸಿದ ಕಬ್ಬಿಣದ ಹಡಗು. ಕೊನೆಗೆ ಫಾಕ್‌ಲ್ಯಾಂಡ್ ದ್ವೀಪಗಳ ಹತ್ತಿರ ತೂತು ಕೊರೆದು ಮುಳುಗಿಸಿ ಬಿಟ್ಟಿದ್ದರು. 1970ರಲ್ಲಿ ಅದನ್ನು ಎತ್ತಿ, ತೆಪ್ಪದಂಥ ದೊಡ್ಡ ಪಾಂಟೂನ್ ಮೇಲೆ ಕೂರಿಸಿ, ಅಟ್ಲಾಂಟಿಕ್ ದಾಟಿಸಿ ಎಳೆದು ತಂದರು. ಎಲ್ಲಿಗೆ? ಅದು ಹುಟ್ಟಿದ ಅದೇ ಡ್ರೈ ಡಾಕ್‌ಗೆ. ಜುಲೈ 19ಕ್ಕೆ ಒಳಗೆ ಸೇರಿಸಿದರು. ಜನ ದಂಡೆಯ ಉದ್ದಕ್ಕೂ ಸೇರಿದ್ದರು. ಸುಮ್ನೆ ಯೋಚಿಸಿ, 127 ವರ್ಷದ ಮೇಲೆ ಬಂದ ಹಡಗು ತನ್ನ ತೊಟ್ಟಿಲಲ್ಲೇ ಮತ್ತೆ ಮಲಗಿತು. ಅಷ್ಟರಲ್ಲಿ ಯಾರಾದರೂ ಆ ಗುಂಡಿಯನ್ನು ತುಂಬಿಸಿ ಪಾರ್ಕಿಂಗ್ ಮಾಡಿದ್ದರೆ?

ಬ್ರಿಸ್ಟಲ್ ಡಾಕ್ 1975ರಲ್ಲಿ ಸರಕು ಹಡಗುಗಳಿಗೆ ಮುಚ್ಚಿತು. ಮನೆಗಳು ಬಂದವು, ಬೇಕಾದಷ್ಟು ಬಂದವು. 1951ರ ನಾಲ್ಕು ವಿದ್ಯುತ್ ಕ್ರೇನ್‌ಗಳು ಗುಜರಿಗೆ ಹೋಗುವುದರಲ್ಲಿದ್ದವು. ಊರವರೇ ಮುಂದೆ ಬಂದು ತಡೆದರು. ಅವು ಈಗಲೂ ಅಲ್ಲೇ ದಂಡೆಯ ಮೇಲೆ ನಿಂತಿವೆ. ಬರೀ ನಿಂತಿಲ್ಲ, ಅಲ್ಲಿನ ಸ್ವಯಂಸೇವಕರು ಅವನ್ನು ಆಗಾಗ ಓಡಿಸುತ್ತಾರೆ.

ಇಂಥ ಮಾತು ಆಡಿದಾಗಲೆಲ್ಲ ಯಾರಾದರೂ ಎದ್ದು ನಿಂತು ಕೇಳುತ್ತಾರೆ. ಸ್ವಾಮೀ, ಜನಕ್ಕೆ ಇರಲು ಮನೆಯಿಲ್ಲ, ನೀವು ಹಗ್ಗದ ಗೀರಿನ ಬಗ್ಗೆ ಅಳುತ್ತೀರಲ್ಲ? ನ್ಯಾಯವಾದ ಪ್ರಶ್ನೆ. ಅದಕ್ಕೆ ನಾನು ಬ್ರಿಸ್ಟಲ್‌ನ ಅಂಡರ್‌ಫಾಲ್ ಯಾರ್ಡ್ ತೋರಿಸುತ್ತೇನೆ. ಡಾಕ್‌ನ ಪಶ್ಚಿಮದ ತುದಿಯಲ್ಲಿದೆ. ದೋಣಿ ಕಟ್ಟುವವರು ಅಲ್ಲಿ ಈಗಲೂ ಕೆಲಸ ಮಾಡುತ್ತಾರೆ. 2023ರ ಮೇ ತಿಂಗಳಲ್ಲಿ ಅಲ್ಲಿ ದೊಡ್ಡ ಬೆಂಕಿ ಬಿದ್ದು ಕಾರ್ಯಾಗಾರಗಳು ಸುಟ್ಟಿದ್ದವು, ಆದರೂ ಬಿಡಲಿಲ್ಲ. ಆ ಯಾರ್ಡಿನ ಅಡಿಯಲ್ಲಿ ನೀರು ಹೊರಬಿಡುವ ತೂಬುಗಳಿವೆ. ನದಿ ಸದಾ ಹೂಳು ಹೊತ್ತು ತರುತ್ತದೆ. ತೂಬು ಎತ್ತಿದರೆ ತಳದ ಹೂಳು ನೀರಿನ ಜೊತೆ ಹೊರಗೆ ಹೋಗುತ್ತದೆ. ಈ ಉಪಾಯ ಬ್ರುನೆಲ್‌ನ ಕಾಲದ್ದು, 1830ರ ದಶಕದ್ದು. ಹಾಗೆ ನೋಡಿಕೊಳ್ಳದಿದ್ದರೆ ಏನಾಗುತ್ತದೆ ನೋಡಿ. ಲಿವರ್‌ಪೂಲ್‌ನ ಆಲ್ಬರ್ಟ್ ಡಾಕ್ 1972ರಲ್ಲಿ ಮುಚ್ಚಿದ ಮೇಲೆ ಗೇಟ್ ನೋಡಿಕೊಳ್ಳುವವರು ಇಲ್ಲದೆ ಕೆಲವೇ ವರ್ಷದಲ್ಲಿ ಇಡೀ ಡಾಕ್ ಕೆಸರು ತುಂಬಿ ನಾರುತ್ತಿತ್ತು. ಅದನ್ನು ತೆಗೆದ ಮೇಲೆಯೇ ಅಲ್ಲಿಗೆ ಮ್ಯೂಸಿಯಂ, ಮನೆ ಎಲ್ಲ ಬಂದದ್ದು.

ಬ್ರಿಸ್ಟಲ್‌ನಲ್ಲಿ ನೀರಿನ ಕಡೆಗೆ ಬಾಲ್ಕನಿ ಇರುವ ಫ್ಲಾಟಿಗೆ ಬೆಲೆ ಜಾಸ್ತಿ. ಆ ಬಾಲ್ಕನಿಯಲ್ಲಿ ಸಂಜೆ ಕಾಫಿ ಹಿಡಿದು ಕೂತವರ ಮುಂದೆ ಕೆಸರಿನ ಬದಲು ನೀರು ಇರಬೇಕು ಅಂದರೆ, ಅತ್ತ ತುದಿಯಲ್ಲಿ ಒಬ್ಬರು ಹೊತ್ತು ನೋಡಿ ತೂಬು ಎತ್ತುತ್ತಿರಬೇಕು. ಎತ್ತುತ್ತಿದ್ದಾರೆ.